ತಿಕೋಟಾಕ್ಕೆ ಹೋದ ಕೌದಿ

ವಿಜಾಪುರದ ಗೋಳಗುಮ್ಮಟದ ಹಿಂದಿನ ಓಣಿಯಲ್ಲಿ ಶಂಕ್ರೆವ್ವನೆಂಬ ಹೆಂಗಸು ಕೌದಿ ಹೊಲಿದು ಬದುಕುತ್ತಿದ್ದಳು. ಗಂಡ ಸತ್ತಾಗ ಮಗಳು ನೀಲವ್ವ ಇನ್ನೂ ಅಂಬೆಗಾಲಿಡುತ್ತಿದ್ದಳು. ಇಟ್ಟಂಗಿಹಾಳದ ತವರಿನವರು ಬಾ ಎಂದು ಕರೆದರೂ ಅವಳು ಹೋಗಲಿಲ್ಲ. ಕೈಯಲ್ಲಿ ಸೂಜಿ ಇರುವತನಕ ಯಾರ ಮನೆಯ ಒಲೆಯ ಮುಂದೂ ಕೂಡುವುದಿಲ್ಲ ಎಂದು ಹೇಳಿ ಓಣಿಯಲ್ಲೇ ಉಳಿದಳು.

ಕೌದಿಗೆ ಹೊಸ ಬಟ್ಟೆ ಬೇಕಾಗುವುದಿಲ್ಲ. ಜನ ತಮ್ಮ ಮನೆಯ ಹಳೆಯ ಸೀರೆ, ಧೋತರ, ಹುಡುಗರ ಹರಿದ ಅಂಗಿ ಗಂಟು ಕಟ್ಟಿ ತಂದು ಅವಳ ಕಟ್ಟೆಯ ಮೇಲೆ ಇಟ್ಟು ಹೋಗುತ್ತಿದ್ದರು. ಒಗೆದು ಒಗೆದು ಮೆತ್ತಗಾದದ್ದನ್ನು ಅವಳು ಒಳಗೆ ಹಾಸುವಳು, ಗಟ್ಟಿಯಿದ್ದದ್ದನ್ನು ಮೇಲೆ ಹೊದಿಸುವಳು. ಅಂಚಿನಿಂದ ಹಿಡಿದ ಹೊಲಿಗೆ ಸುತ್ತು ಸುತ್ತಾಗಿ ಒಳಕ್ಕೆ ಬಂದು ನಡುವಿನಲ್ಲಿ ಮುಗಿಯುತ್ತದೆ. ಆ ನಡುವಿನ ತುಂಡನ್ನು ಮಾತ್ರ ಅವಳು ಬಹಳ ಯೋಚಿಸಿ ಆರಿಸುತ್ತಿದ್ದಳು. ಹಳೆಯ ಬಟ್ಟೆಗೆ ಅದನ್ನು ಉಟ್ಟವರ ಗುಣ ಅಂಟಿಕೊಂಡಿರುತ್ತದೆ ಎಂಬುದು ಅವಳ ನಂಬಿಕೆ. ಅವಳೊಬ್ಬಳದೇ ಅಲ್ಲ, ಓಣಿಯ ಎಲ್ಲರದೂ. ಮದುವೆಯ ಕೌದಿಯಾದರೆ ಮಕ್ಕಳಿರುವ ಮುತ್ತೈದೆಯ ಸೀರೆಯ ತುಂಡು. ಕೂಸಿನ ಕೌದಿಯಾದರೆ ಮರಿಮಕ್ಕಳನ್ನು ಕಂಡ ಮುದುಕಿಯ ಸೆರಗು.

ಇವೆಲ್ಲಕ್ಕಿಂತ ಮೇಲಿನದು ಇನ್ನೊಂದಿತ್ತು. ಸಿಡುಬು ಬಂದು ಬದುಕಿದ ಮಗುವಿನ ಅಂಗಿ. ಸಿಡುಬನ್ನು ಆ ಹೆಸರಿನಿಂದ ಯಾರೂ ಕರೆಯುತ್ತಿರಲಿಲ್ಲ. ಮನೆಗೆ ಅವ್ವ ಬಂದಾಳ ಎನ್ನುತ್ತಿದ್ದರು. ಬಾಗಿಲಿಗೆ ಬೇವಿನ ಟೊಂಗೆ ಕಟ್ಟಿ, ಒಗ್ಗರಣೆ ನಿಲ್ಲಿಸಿ, ದನಿ ತಗ್ಗಿಸಿ ಮಾತಾಡುತ್ತಿದ್ದರು. ಅವ್ವ ಒಮ್ಮೆ ಬಂದು ಹೋದ ಮೈಗೆ ಮತ್ತೆ ಬರುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಶಂಕ್ರೆವ್ವನ ಮುಖದ ತುಂಬ ಸಣ್ಣಂದಿನಲ್ಲಿ ಬಂದು ಹೋದ ರೋಗದ ಕಲೆಗಳಿದ್ದವು. ಆಮೇಲೆ ಎಷ್ಟು ಸಲ ಊರಿಗೆ ರೋಗ ಬಂದರೂ ಅವಳನ್ನು ಮುಟ್ಟಿರಲಿಲ್ಲ. ಮೈಗೆ ಮತ್ತೆ ಬಾರದ ಅವ್ವ ಆ ಮೈ ಮೇಲಿದ್ದ ಬಟ್ಟೆಗೂ ಬರುವುದಿಲ್ಲ ಎಂದು ಜನ ತಾವೇ ಒಂದು ಹೆಜ್ಜೆ ಮುಂದೆ ಹೋಗಿ ನಂಬಿಕೊಂಡಿದ್ದರು.

ಅದು ಯುದ್ಧದ ಕಾಲ, ನಲವತ್ನಾಲ್ಕನೆಯ ಇಸವಿಯ ಬೇಸಿಗೆ. ತಿಕೋಟಾಕ್ಕೆ ಕೊಟ್ಟಿದ್ದ ನೀಲವ್ವನಿಗೆ ದಿನ ತುಂಬಿದ್ದವು. ಚೊಚ್ಚಲ ಹೆರಿಗೆಯಾದ್ದರಿಂದ ತವರಿಗೆ ಕರೆತರಬೇಕಿತ್ತು. ಅಷ್ಟರಲ್ಲಿ ಓಣಿಯ ಒಂದು ಬಾಗಿಲಿಗೆ ಬೇವು ಬಿತ್ತು, ನೋಡುತ್ತಿದ್ದಂತೆ ಅದರಾಚೆಯ ಬಾಗಿಲಿಗೂ ಬಿತ್ತು. ಬಸುರಿಯನ್ನು ಇಂಥಲ್ಲಿಗೆ ತರುವುದು ಬೇಡ ಎಂದು ಶಂಕ್ರೆವ್ವ ಹೇಳಿ ಕಳಿಸಿದಳು. ಅವಳ ಬೀಗತಿ, ನೀಲವ್ವನ ಅತ್ತೆ ಕಾಳವ್ವ, ಅದನ್ನು ನೆವವೆಂದೇ ತಿಳಿದಳು. ಬಾಣಂತನದ ಖರ್ಚಿಗೆ ಹೆದರಿ ಅವ್ವನ ಹೆಸರು ಹೇಳುತ್ತಾಳೆ ಎಂದು ನಾಲ್ಕು ಜನರ ಮುಂದೆ ಆಡಿದ ಮಾತು ವಿಜಾಪುರದ ತನಕ ಬಂತು. ಶಂಕ್ರೆವ್ವ ಅದನ್ನು ನುಂಗಿಕೊಂಡಳು. ಯುಗಾದಿಗೆ ಮೊದಲೇ ನೀಲವ್ವ ಹೆಣ್ಣು ಹೆತ್ತಳು.

ತಾನು ಹೋಗಲಾಗದಿದ್ದರೂ ಕೂಸಿಗೆ ಕೌದಿಯಾದರೂ ಹೋಗಬೇಕು ಎಂದು ಶಂಕ್ರೆವ್ವ ಹೊಲಿಯಲು ಕುಳಿತಳು. ಆಗಷ್ಟೇ ಪಕ್ಕದ ಮನೆಯ ಸಖೂಬಾಯಿಯ ಮಗ ಎದ್ದು ಕುಳಿತಿದ್ದ. ಅವನ ಹಕ್ಕಳೆಗಳು ಇನ್ನೂ ಉದುರುತ್ತಿದ್ದವು. ಶಂಕ್ರೆವ್ವ ಹಿತ್ತಲ ಗೋಡೆಯ ಮೇಲಿಂದ ಆ ಹುಡುಗನ ಕೆಂಪು ಚೌಕಳಿ ಅಂಗಿಯನ್ನು ಕೇಳಿದಳು. ಅವ್ವ ಬಂದು ಹೋದ ಅರಿವಿ, ನನ್ನ ಮೊಮ್ಮಗಳಿಗೆ ಕಾವಲ ಆಗತೈತಿ ಎಂದಳು. ಸಖೂಬಾಯಿ ಹೆಮ್ಮೆಯಿಂದಲೇ ಕೊಟ್ಟಳು. ಒಗೆದರೆ ಅದರ ಗುಣ ಹೋದೀತೆಂದು ಇಬ್ಬರೂ ಅದನ್ನು ಒಗೆಯಲಿಲ್ಲ. ಆ ತುಂಡು ಕೌದಿಯ ನಡುವಿನಲ್ಲಿ, ಮಲಗಿದ ಕೂಸಿನ ಗಲ್ಲ ತಾಗುವಲ್ಲಿ, ಕೂತಿತು. ತಿಕೋಟಾದ ಬಸಗೊಂಡಪ್ಪ ಪೇಟೆಗೆ ಹುಲ್ಲು ಮಾರಲು ಬಂದವನು ಖಾಲಿ ಬಂಡಿಯಲ್ಲಿ ಕೌದಿಯನ್ನು ಒಯ್ದ.

ಮರುದಿನವೇ ಡಂಗುರ ಬಂತು. ಡೋಲು ಬಡಿಯುವ ಅಂಬಾದಾಸ ಓಣಿಯ ಬಾಯಲ್ಲಿ ನಿಂತು, ಊರ ಜನರೆಲ್ಲ ಮನೆಯಲ್ಲೇ ಇರಬೇಕು, ಪೇಟೆ ಮುಚ್ಚಿದೆ, ಸಾಲೆ ಮುಚ್ಚಿದೆ, ಊರು ಬಿಟ್ಟು ಯಾರೂ ಹೋಗಬಾರದು, ಊರೊಳಗೆ ಯಾರೂ ಬರಬಾರದು, ನೀರಿನ ಬಂಡಿ ಬಾಗಿಲಿಗೇ ಬರುತ್ತದೆ ಎಂದು ಕೂಗಿದ. ಅಂಥ ಮಾತನ್ನು ಯಾರೂ ಕೇಳಿರಲಿಲ್ಲ. ಪ್ಲೇಗು ಬಂದಾಗ ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡದ್ದು ಹಿರಿಯರಿಗೆ ನೆನಪಿತ್ತು. ಈಗ ಅದಕ್ಕೆ ತಿರುಗಾಮುರುಗಾ ಆಗಿತ್ತು.

ಸಖೂಬಾಯಿ ಬಾಗಿಲ ಸಂದಿಯಿಂದ ಅಂಬಾದಾಸನನ್ನು ಕೆಣಕಿದಳು. "ಎಲ್ಲಾರನ್ನೂ ಒಳಗ ಹಾಕಿ ನೀ ಒಬ್ಬಾವ ಅಡ್ಡಾಡಾಕತ್ತಿ. ನಿನ್ನ ಡೋಲಿಗೆ ಅವ್ವ ಅಂಜತಾಳೇನೋ?"

"ನಮ್ಮ ಮನ್ಯಾಗ ನನ್ನ ಹೇಂತಿ ಅದಾಳ ಬೇ," ಎಂದ ಅಂಬಾದಾಸ. "ಹೊರಗಿರೂದ ಪಾಡ."

ಓಣಿಯ ಬಾಗಿಲುಗಳ ಹಿಂದೆ ನಗು ಕೇಳಿತು. ಶಂಕ್ರೆವ್ವನೂ ನಕ್ಕಳು. ಆಮೇಲೆ ಎಷ್ಟೋ ದಿನ ಆ ಓಣಿಯಲ್ಲಿ ನಗು ಕೇಳಲಿಲ್ಲ.

ಮನೆಯೊಳಗೆ ಕೂಡುವುದು ಅವಳಿಗೆ ಹೊಸದಲ್ಲ. ಆದರೆ ಹೊರಗೆ ಸದ್ದೇ ಇಲ್ಲದ್ದು ಹೊಸದು. ಟಾಂಗಾದ ಗೆಜ್ಜೆ ಇಲ್ಲ, ಮೊಸರು ಮಾರುವವರ ಕೂಗಿಲ್ಲ. ಗುಮ್ಮಟದ ನೆರಳು ಓಣಿಯ ಮೇಲೆ ಸರಿದು ಹೋಗುತ್ತಿತ್ತು, ಅದರಲ್ಲಿ ಒಬ್ಬ ಮನುಷ್ಯನೂ ನಡೆಯುತ್ತಿರಲಿಲ್ಲ. ಹೀಗೇ ಇರುವಾಗ ಅಂಬಾದಾಸ ಮತ್ತೆ ಬಂದ. ಈ ಸಲ ಕೂಗಿದ್ದು ಬೇರೆ. ಅವ್ವ ಬಂದ ಮನೆಯ ಬಟ್ಟೆಬರೆಯನ್ನು ಯಾರೂ ಯಾರಿಗೂ ಕೊಡಬಾರದು, ಹಕ್ಕಳೆ ಉದುರಿದ ಬಟ್ಟೆಯಿಂದ ರೋಗ ಅಂಟುತ್ತದೆ, ಅಂಥದ್ದನ್ನು ಸುಡಬೇಕು, ಇಲ್ಲದಿದ್ದರೆ ಕುದಿಯುವ ನೀರಲ್ಲಿ ಹಾಕಬೇಕು.

ಶಂಕ್ರೆವ್ವನ ಕೈಯಲ್ಲಿದ್ದ ಸೂಜಿ ಹಾಗೇ ನಿಂತಿತು. ಅವಳು ಬಾಗಿಲು ತೆರೆದು ಹೊಸ್ತಿಲಿಗೆ ಬಂದಳು.

"ಅಂಬಾದಾಸ, ಇದು ಖರೇನೋ? ಇಲ್ಲಾ ನಮ್ಮನ್ನ ಹೆದರಸಾಕ ಹೇಳ್ತಾರೋ?"

"ನನಗೇನ ತಿಳೀತೈತಿ ಬೇ. ಒದರು ಅಂದದ್ದು ಒದರತೀನಿ. ಆದ್ರ ದಾಕ್ತರ ಹೇಳೂದು ನಾನ ಕೇಳೀನಿ. ಅರಿವ್ಯಾಗ ತಿಂಗಳಗಟ್ಲೆ ಕುಂತಿರ್ತೈತಂತ. ಸಣ್ಣ ಹುಡುಗ್ರಿಗೆ ಲಗೂನ ಹತ್ತತೈತಂತ."

ಅವನು ಮುಂದಿನ ಓಣಿಗೆ ಹೋದ. ಶಂಕ್ರೆವ್ವ ಹೊಸ್ತಿಲ ಮೇಲೆ ಕುಳಿತಳು. ಸುಳ್ಳು ಎಂದುಕೊಳ್ಳಲು ಒಂದು ಗಳಿಗೆ ನೋಡಿದಳು. ಆಗ, ಮೂವತ್ತು ವರ್ಷ ಅವಳ ತಲೆಯೊಳಗೆ ಬೇರೆ ಬೇರೆಯಾಗಿ ಬಿದ್ದಿದ್ದ ಎರಡು ಸಂಗತಿಗಳು ಒಂದರ ಪಕ್ಕ ಒಂದು ಬಂದು ನಿಂತವು. ಇಟ್ಟಂಗಿಹಾಳದಲ್ಲಿ ತಾನು ಗುಣವಾದ ಮೇಲೆ ತಾನು ಉಡುತ್ತಿದ್ದ ಹಸಿರು ಪರಕಾರವನ್ನು ಚಿಕ್ಕವ್ವ ಕೇಳಿ ಒಯ್ದಿದ್ದಳು, ತೊಟ್ಟಿಲ ಮಗುವಿಗೆ ಹಾಸಲೆಂದು. ಆ ಮಗು ಮುಂದಿನ ಹುಣ್ಣಿಮೆ ಕಾಣಲಿಲ್ಲ. ಅವ್ವ ಒಂದನ್ನು ಬಿಟ್ಟಳು, ಒಂದನ್ನು ಒಯ್ದಳು ಎಂದು ಮನೆಯವರು ಹೇಳಿದರು. ಶಂಕ್ರೆವ್ವ ಅದನ್ನೇ ನಂಬಿ ಬೆಳೆದಿದ್ದಳು. ಪರಕಾರವನ್ನೂ ಸಾವನ್ನೂ ಸೇರಿಸಿ ನೋಡಿದವರು ಆ ಮನೆಯಲ್ಲಿ ಒಬ್ಬರೂ ಇರಲಿಲ್ಲ.

ಅವಳಿಗೆ ಅಳು ಬರಲಿಲ್ಲ. ಕೆಂಪು ಚೌಕಳಿಯ ತುಂಡನ್ನು ತಾನು ಎಷ್ಟು ನಾಜೂಕಾಗಿ ಮಡಚಿ, ಎಷ್ಟು ಸಣ್ಣ ಹೊಲಿಗೆ ಹಾಕಿದ್ದೆ ಎಂಬುದೇ ಕಣ್ಣ ಮುಂದೆ ಬಂತು.

ಲಸಿಕೆ ಹಾಕುವ ಗುರುಪಾದಯ್ಯ ದಿನವೂ ಸೈಕಲ್ಲಿನ ಮೇಲೆ ಆ ಓಣಿಗೆ ಬರುತ್ತಿದ್ದ. ಅವನನ್ನು ಕಂಡರೆ ಹೆಂಗಸರು ಮಕ್ಕಳನ್ನು ಕಣಜದ ಹಿಂದೆ ಬಚ್ಚಿಡುತ್ತಿದ್ದರು. ಓಣಿಯಲ್ಲಿ ಸಣ್ಣ ಮಕ್ಕಳೇ ಇಲ್ಲ ಎಂದು ಶಂಕ್ರೆವ್ವನೇ ಒಮ್ಮೆ ಅವನಿಗೆ ಸುಳ್ಳು ಹೇಳಿ ಕಳಿಸಿದ್ದಳು. ಅವತ್ತು ಅವಳು ಸೈಕಲ್ಲಿಗೆ ಅಡ್ಡ ನಿಂತು ಎಲ್ಲವನ್ನೂ ಹೇಳಿದಳು. ಅವನು ಬೈಯಲಿಲ್ಲ. ಬಹಳ ದಣಿದಿದ್ದ. ಮರುದಿನ ತೊರವಿ ಮುಗಿಸಿ ತಿಕೋಟಾಕ್ಕೆ ಹೋಗುವವನಿದ್ದೇನೆ, ನಾನೇ ಆ ಮನೆಗೆ ಹೋಗುತ್ತೇನೆ, ನೀವು ಮಾತ್ರ ಹೊಸ್ತಿಲು ದಾಟಬೇಡಿ ಎಂದು ಹೇಳಿ ಹೋದ.

ಅವನು ತಿರುಗಿ ಬರುವವರೆಗಿನ ಹೊತ್ತು ಹೇಗೆ ಕಳೆಯಿತೆಂದು ಕೇಳಿದರೆ ಶಂಕ್ರೆವ್ವನಿಗೆ ಹೇಳಲು ಬರುತ್ತಿರಲಿಲ್ಲ. ಒಲೆ ಹೊತ್ತಿಸಿ ಅದರ ಮೇಲೆ ಏನೂ ಇಡದೆ ಕೂತಿದ್ದಳೆಂದು ಸಖೂಬಾಯಿ ಆಮೇಲೆ ಹೇಳುತ್ತಿದ್ದಳು.

ಗುರುಪಾದಯ್ಯ ಬಂದು ಕಟ್ಟೆಯಿಂದ ದೂರವೇ ನಿಂತ. ಕೂಸು ಚೆನ್ನಾಗಿದೆ ಎಂದ. ತಾಯಿಗೂ ಕೂಸಿಗೂ ಲಸಿಕೆ ಹಾಕಿದ್ದಾಗಿದೆ. ಕೌದಿ ಕೂಸನ್ನು ಮುಟ್ಟೇ ಇಲ್ಲ. ಕಾಳವ್ವ ಅದರ ಮಡಿಕೆಯನ್ನೂ ಬಿಚ್ಚದೆ ಜಂತಿಯ ಮೇಲೆ ಎಸೆದಿದ್ದಳಂತೆ. ಚೊಚ್ಚಲ ಕೂಸಿನ ಕೌದಿಯನ್ನು ಬಾಣಂತಿಯ ಹಡೆದವ್ವ ತಾನೇ ತಂದು ಉಡಿಯಲ್ಲಿ ಹಾಕಬೇಕು, ಅದು ಪದ್ಧತಿ. "ಹುಲ್ಲಿನ ಬಂಡ್ಯಾಗ ಬಂದದ್ದು ಎತ್ತಿಗೆ ಹಾಸಾಕ ಪಾಡ, ಅಂದ್ರು ನೋಡ್ರಿ ನಿಮ್ಮ ಬೀಗತಿ," ಎಂದು ಗುರುಪಾದಯ್ಯ ಸಂಕೋಚದಿಂದ ಹೇಳಿದ. ಕೂಸನ್ನು ನೋಡಲು ಬಂದಿದ್ದ ಕಾಳವ್ವನ ಮಗಳು ಕಾಶಿಬಾಯಿ ಬಬಲೇಶ್ವರದ ತನ್ನ ಗಂಡನ ಮನೆಗೆ ಹೊರಟಾಗ, ಇದನ್ನು ನೀನೇ ಒಯ್ಯಿ ಎಂದು ಅವಳ ಕೈಗೆ ಕೊಟ್ಟುಬಿಟ್ಟಿದ್ದಳು.

ಶಂಕ್ರೆವ್ವ ಎರಡೂ ಕೈ ಜೋಡಿಸಿ ಹಣೆಗೆ ಹಚ್ಚಿಕೊಂಡಳು. "ನನ್ನ ಕೂಸು ಉಳೀತ್ರಿ," ಎಂದಳು.

ಗುರುಪಾದಯ್ಯ ಮೆಲ್ಲಗೆ ಕೇಳಿದ. "ಬಬಲೇಶ್ವರದಾಗ ಸಣ್ಣ ಕೂಸು ಐತೇನ್ರಿ?"

ಇತ್ತು. ಗಂಗಿ ಎಂದು ಹೆಸರು, ಈಗಷ್ಟೇ ನಡೆಯಲು ಕಲಿತಿತ್ತು. ನೀಲವ್ವನ ಮದುವೆಯಲ್ಲಿ ಆ ಕೂಸು ಶಂಕ್ರೆವ್ವನ ತೊಡೆಯ ಮೇಲೇ ನಿದ್ದೆ ಹೋಗಿತ್ತು. ಜೋಡಿಸಿದ ಕೈಗಳನ್ನು ಅವಳು ಕೆಳಗಿಳಿಸಿದಳು. ತಾನು ಏನಂದೆ ಎಂಬುದು ಅವಳಿಗೆ ಆಗ ಕೇಳಿಸಿತು. ಡಂಗುರ ಕೇಳಿದಾಗ ಆದದ್ದಕ್ಕಿಂತ ದೊಡ್ಡ ಪೆಟ್ಟು ಅದು. ಬಬಲೇಶ್ವರ ನನ್ನ ಸುತ್ತಾಟಕ್ಕೆ ಬರುವುದಿಲ್ಲ, ಅಲ್ಲಿಗೆ ಬೇರೆಯವನಿದ್ದಾನೆ, ಹೇಳಿ ಕಳಿಸುತ್ತೇನೆ, ಎಂದಿಗೆ ಮುಟ್ಟುತ್ತದೋ ಗೊತ್ತಿಲ್ಲ ಎಂದು ಹೇಳಿ ಗುರುಪಾದಯ್ಯ ಸೈಕಲ್ಲು ಹತ್ತಿದ.

ಮರುದಿನ ಬೆಳ್ಳಿ ಮೂಡುವ ಹೊತ್ತಿಗೆ ಶಂಕ್ರೆವ್ವ ಎದ್ದಳು. ಬೇವಿನ ತೊಪ್ಪಲು ಹಾಕಿದ ನೀರನ್ನು ಕುದಿಸಿ, ಅದರಲ್ಲೇ ಒಂದು ಸೀರೆಯನ್ನು ಅದ್ದಿ ಹಿಂಡಿ, ಮೈತೊಳೆದುಕೊಂಡು ಹಸಿಯದನ್ನೇ ಉಟ್ಟಳು. ರೊಟ್ಟಿ ಕಟ್ಟಿಕೊಳ್ಳಲಿಲ್ಲ, ಕಟ್ಟಿಕೊಳ್ಳಲು ಬಟ್ಟೆ ಬೇಕಲ್ಲ. ಮನೆಯ ಯಾವ ಚಿಂದಿಯೂ ತನ್ನ ಜೊತೆ ಬರಬಾರದು ಎಂದು ನೋಡಿಕೊಂಡಳು. ತನ್ನ ಮೈಗೆ ರೋಗ ಬರುವುದಿಲ್ಲ ಎಂಬುದೊಂದೇ ಅವಳಿಗೆ ಆಗ ಉಳಿದಿದ್ದ ಧೈರ್ಯ.

ಓಣಿಯ ಬಾಯಲ್ಲಿ ಅಂಬಾದಾಸನ ಕಾವಲಿತ್ತು.

"ಹಿಂದ ಹೊಳ್ಳ ಬೇ ಶಂಕ್ರೆವ್ವ. ನಿನ್ನ ಬಿಟ್ರ ನನ್ನ ನೌಕರಿ ಹೊಕ್ಕೈತಿ."

ಅವಳು ಕೌದಿಯ ಸುದ್ದಿ ಹೇಳಿದಳು. ನೀನು ಕೂಗಿದ್ದನ್ನು ಕೇಳಿಯೇ ನನಗೆ ತಿಳಿಯಿತು, ಈಗ ಆ ಮಾತು ಬಬಲೇಶ್ವರಕ್ಕೂ ಮುಟ್ಟಬೇಕು, ಅಲ್ಲಿಗೆ ನಿನ್ನ ಡೋಲು ಕೇಳುವುದಿಲ್ಲ ಎಂದಳು. ಅಂಬಾದಾಸ ಬಹಳ ಹೊತ್ತು ಅವಳ ಕಲೆಯ ಮುಖವನ್ನೇ ನೋಡಿದ. ಕಡೆಗೆ ಗೋಡೆಯ ಕಡೆ ಮುಖ ಮಾಡಿ ಕುಳಿತು ಡೋಲಿನ ಹಗ್ಗ ಎಳೆಯತೊಡಗಿದ.

"ನಾ ಡೋಲು ಬಿಗ್ಯಾಕತ್ತೀನಿ," ಎಂದ. "ಈ ಕಡೆ ನೋಡಿಲ್ಲ."

ಕೋಟೆಯ ಗೋಡೆ ಬಿದ್ದ ಕಿಂಡಿಯಿಂದ ಅವಳು ಊರು ದಾಟಿದಳು. ಜೋಳದ ಕೊಯ್ಲು ಮುಗಿದ ಕರಿಯ ನೆಲದಲ್ಲಿ ಕೂಳೆಗಳು ಕಾಲಿಗೆ ಚುಚ್ಚುತ್ತಿದ್ದವು. ದಾರಿಯ ಹಳ್ಳಿಗಳ ಒಳಗೆ ಹೋಗದೆ ಹೊಲದ ಬದುವಿನ ಮೇಲೇ ನಡೆದಳು. ಬಿಸಿಲೇರಿದಾಗ ಒಂದು ಬಾವಿಯ ಹತ್ತಿರ ನೀರು ಕೇಳಿದಳು. ವಿಜಾಪುರದಿಂದ ಬಂದೆ ಎಂದ ಕೂಡಲೇ ಆ ಮನುಷ್ಯ ಹಿಂದೆ ಸರಿದ. ಅವಳು ತಾನೇ ದೂರ ಕೂತು ಬೊಗಸೆ ಹಿಡಿದಳು. ಅವನು ಕಾಲುವೆಗೆ ನೀರು ಬಿಟ್ಟು, ಕುಡಿದು ಬೇಗ ಹೋಗು ಎಂದ.

ಮಧ್ಯಾಹ್ನ ತಿರುಗಿದ ಮೇಲೆ ಬಬಲೇಶ್ವರ ಬಂತು. ಕಾಶಿಬಾಯಿ ಅಂಗಳದಲ್ಲಿ ಕುಸುಬೆ ಹಸನು ಮಾಡುತ್ತಿದ್ದಳು. ಅವಳ ಹಿಂದೆ ಪಡಸಾಲೆಯಲ್ಲಿ ಕೌದಿ ಹಾಸಿತ್ತು. ಗಂಗಿ ಅದರ ನಡುವೆ ಕುಳಿತು, ಕೆಂಪು ಚೌಕಳಿಯ ತುಂಡನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಬಾಯಲ್ಲಿಟ್ಟುಕೊಂಡು ಚೀಪುತ್ತಿತ್ತು.

ಶಂಕ್ರೆವ್ವ ಅಂಗಳದ ಅಂಚಿನಲ್ಲೇ ನಿಂತಳು. ಕಾಶಿಬಾಯಿ ತಲೆಯೆತ್ತಿ, ಇವಳು ಹೇಗೆ ಬಂದಳು, ಊರು ಮುಚ್ಚಿದೆಯಂತಲ್ಲ ಎಂದು ಗಾಬರಿಯಾದಳು. ಕೌದಿ ತಿರುಗಿ ಕೇಳಲು ಬಂದಿಯಾ ಎಂದೂ ಕೇಳಿದಳು.

"ಕೂಸಿನ ಎತ್ಕೋ ಕಾಶಿ," ಎಂದಳು ಶಂಕ್ರೆವ್ವ. "ಆ ಕೆಂಪು ತುಂಡು ಸಖೂಬಾಯಿ ಮಗಂದು. ಅವ್ವ ಬಂದಿದ್ಲು ಅವಗ. ಒಗದೂ ಇಲ್ಲ ನಾ."

ಕಾಶಿಬಾಯಿ ಮೊರವನ್ನು ಕೆಳಗಿಟ್ಟಳು. ಅವಳ ಮುಖ ಬಿಳುಪಾಗುತ್ತದೆ ಎಂದು ಶಂಕ್ರೆವ್ವ ಕಾಯುತ್ತಿದ್ದಳು. ಹಾಗಾಗಲಿಲ್ಲ. ಅವಳ ಮುಖ ಅರಳಿತು.

"ಅವ್ವ ಬಂದು ಹ್ವಾದ ಅರಿವಿ ಏನ್ ಅತ್ತಿ ಇದು? ನಮ್ಮವ್ವಗ ಗೊತ್ತಿದ್ರ ನನಗ ಕೊಡ್ತಿದ್ದಿಲ್ಲ ನೋಡು. ನನ್ನ ಗಂಗಿಗೆ ಕಾವಲ ಆತು." ಎಂದವಳೇ ಕೌದಿಯ ಅಂಚನ್ನೆತ್ತಿ ಕಣ್ಣಿಗೊತ್ತಿಕೊಂಡಳು.

ಹಿತ್ತಲ ಗೋಡೆಯ ಮೇಲಿಂದ ತಾನು ಆಡಿದ ಮಾತೇ ಅದು. ಇನ್ನೊಬ್ಬರ ಬಾಯಲ್ಲಿ ಅದನ್ನು ಕೇಳಿದ ಶಂಕ್ರೆವ್ವ ಅಂಗಳದೊಳಕ್ಕೆ ಬಂದಳು. ಡಂಗುರದ ಮಾತು ಹೇಳಿದಳು, ಚಿಕ್ಕವ್ವನ ಮಗುವಿನ ಸಂಗತಿ ಹೇಳಿದಳು. ಕಾಶಿಬಾಯಿ ಕೇಳಿದಳು, ನಂಬಲಿಲ್ಲ. ಸರಕಾರದವರು ಹಾಗೇ ಹೇಳುತ್ತಾರೆ ಎಂದಳು. ಹೇಳುವುದರಿಂದ ಆಗುವುದಲ್ಲ ಎಂದು ಶಂಕ್ರೆವ್ವನಿಗೆ ತಿಳಿಯಿತು. ಅವಳು ಪಡಸಾಲೆ ಹತ್ತಿ, ಗಂಗಿಯ ಬಾಯಿಂದ ತುಂಡನ್ನು ಬಿಡಿಸಿ, ಕೌದಿಯನ್ನು ಬಾಚಿಕೊಂಡು ನೇರ ಬಚ್ಚಲಿಗೆ ನಡೆದಳು. ಹಂಡೆಯ ಕೆಳಗೆ ಬೆಂಕಿ ಇತ್ತು. ಕೌದಿ ಬೇಗ ಹೊತ್ತಿಕೊಳ್ಳಲಿಲ್ಲ, ಅಷ್ಟು ಒತ್ತಾಗಿ ಹೊಲಿದಿದ್ದಳು. ಕಟ್ಟಿಗೆಯಿಂದ ಅದನ್ನು ಒಳಕ್ಕೆ ದಬ್ಬುತ್ತಲೇ ಇದ್ದಳು.

ಕಾಶಿಬಾಯಿಯ ಚೀರಾಟಕ್ಕೆ ಅವಳ ಗಂಡ ಅಮರಪ್ಪ ಹೊಲದಿಂದ ಓಡಿ ಬಂದ. ಅವ್ವನ ಬಟ್ಟೆ ಸುಟ್ಟಳು, ನನ್ನ ಮಗಳ ಬಾಳು ಸುಟ್ಟಳು ಎಂದು ಕಾಶಿಬಾಯಿ ನೆಲಕ್ಕೆ ಬಡಿದುಕೊಂಡು ಅಳುತ್ತಿದ್ದಳು. ಅಮರಪ್ಪ ಎರಡೂ ಕಡೆಯ ಮಾತು ಕೇಳಿದ. ಊರವರಿಗೆ ತಿಳಿದರೆ ಶಂಕ್ರೆವ್ವನನ್ನು ಕಲ್ಲು ಹೊಡೆದು ಓಡಿಸುವರೆಂದು ಅವಳನ್ನು ಹೊಲದ ಮೇವಿನ ಗುಡಿಸಲಲ್ಲಿ ಇರಿಸಿದ. ಗುರುಪಾದಯ್ಯ ಕಳಿಸಿದ ಮಾತು ಎರಡು ದಿನದಲ್ಲಿ ಮುಟ್ಟಿತು, ಆ ಕಡೆಯ ಲಸಿಕೆಯವನು ಬಂದ. ಅಮರಪ್ಪ ಅಳುವ ಮಗಳ ತೋಳನ್ನು ಹಿಡಿದು ಮುಂದೆ ಚಾಚಿದ. ಆಮೇಲೆ ಹೆಂಡತಿಯ ತೋಳನ್ನೂ.

ಆದರೂ ಗಂಗಿಗೆ ಜ್ವರ ಬಂತು. ಹಣೆಯ ಮೇಲೆ, ಆಮೇಲೆ ಕೈಗಳ ಮೇಲೆ ಗುಳ್ಳೆ ಎದ್ದವು. ಅಮರಪ್ಪ ಶಂಕ್ರೆವ್ವನನ್ನು ಕರೆಯಲು ಬಂದ. ಮನೆಯಲ್ಲಿ ಇದನ್ನು ಕಂಡು ಉಳಿದವರು ಯಾರೂ ಇಲ್ಲ, ಕೂಸನ್ನು ಮುಟ್ಟಲು ಎಲ್ಲರಿಗೂ ಭಯ ಎಂದ. ಅವಳು ಬಂದು ಗಂಗಿಯ ಪಕ್ಕ ಕುಳಿತಳು. ಬೇವಿನ ಎಸಳಿನಿಂದ ಮೈ ಸವರಿದಳು, ತುರಿಸದಂತೆ ಕೈ ಹಿಡಿದುಕೊಂಡಳು, ನೀರು ಕುಡಿಸಿದಳು. ಕಾಶಿಬಾಯಿ ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳುತ್ತಿದ್ದಳು.

"ನೀ ಸುಟ್ಟಿ. ಆಕಿ ಸಿಟ್ಟಾದ್ಲು."

"ಹೌದವಾ," ಎನ್ನುತ್ತಿದ್ದಳು ಶಂಕ್ರೆವ್ವ. "ಸಿಟ್ಟು ನನ್ನ ಮ್ಯಾಲ ಇರ್ಲಿ."

ತನ್ನ ತಪ್ಪು ಸುಟ್ಟದ್ದಲ್ಲ, ಹೊಲಿದದ್ದು ಎಂದು ಹೇಳಲು ಅವಳಿಗೆ ಎಷ್ಟೋ ಸಲ ಬಾಯಿಗೆ ಬಂತು. ಹೇಳಲಿಲ್ಲ. ಕೂಸಿನ ಕಣ್ಣನ್ನೇ ನೋಡುತ್ತ ಕೂತಿದ್ದಳು. ಗುಳ್ಳೆ ಕಣ್ಣಿಗಿಳಿದರೆ ಏನಾಗುತ್ತದೆಂದು ಅವಳು ಕಂಡಿದ್ದಳು. ಅವು ಕಣ್ಣಿಗಿಳಿಯಲಿಲ್ಲ. ಲಸಿಕೆ ಹಿಡಿದಿತ್ತೋ ಏನೋ, ಗುಳ್ಳೆಗಳು ಹೆಚ್ಚಾಗಲೂ ಇಲ್ಲ. ಒಂದು ಮುಂಜಾನೆ ಗಂಗಿ ರೊಟ್ಟಿ ಬೇಡಿ ಹಟ ಮಾಡಿತು.

ಹಕ್ಕಳೆ ಉದುರಿ ಮುಗಿದ ಮೇಲೆ ಕೂಸಿಗೆ ಎರೆದರು. ಕಾಶಿಬಾಯಿ ಅವ್ವನಿಗೆ ಉಡಿ ತುಂಬಿ, ಮೊಸರನ್ನದ ಎಡೆ ಇಟ್ಟು ಬಂದು ಶಂಕ್ರೆವ್ವನ ಮುಂದೆ ನಿಂತಳು. ಕೂಸು ಅವಳ ಸೊಂಟದ ಮೇಲಿತ್ತು.

"ಆಕಿ ದಯಾ ಮಾಡಿದ್ಲು," ಎಂದಳು. "ನೀ ಮತ್ತ ನಮ್ಮ ಮನಿ ಹೊಸ್ತಲಾ ತುಳೀಬ್ಯಾಡ."

"ಆತವಾ," ಎಂದಳು ಶಂಕ್ರೆವ್ವ. ಹೊರಡಲು ಎದ್ದವಳು ನಿಂತು, ಇದೊಂದು ಮಾತನ್ನಾದರೂ ಕೇಳು ಎಂಬಂತೆ ಹೇಳಿದಳು. "ಕೂಸು ಮಲಗಿದ್ದ ಅರಿವಿ ಯಾರ ಬೇಡಿದ್ರೂ ಕೊಡಬ್ಯಾಡ."

ಅವತ್ತು ಮುಂಜಾನೆಯೇ ಎದುರು ಮನೆಯವಳು ತನ್ನ ಬಸುರಿ ಸೊಸೆಗೆಂದು ಒಂದು ತುಂಡು ಕೇಳಿ ಹೋಗಿದ್ದಳು. ಶಂಕ್ರೆವ್ವ ಒಳಗಿನಿಂದ ಅದನ್ನು ಕೇಳಿಸಿಕೊಂಡಿದ್ದಳು.

ಕಾಶಿಬಾಯಿ ಮುಖವನ್ನು ಬಚ್ಚಲಿನ ಕಡೆ ತಿರುಗಿಸಿದಳು. ಹಂಡೆಯ ಒಲೆಯಿಂದ ಸುಟ್ಟ ಬಟ್ಟೆಯ ವಾಸನೆ ಇನ್ನೂ ಬರುತ್ತಿತ್ತು.

"ಏನೂ ಉಳಿದಿಲ್ಲ," ಎಂದಳು. "ಎಲ್ಲಾ ಸುಟ್ಟೀನಿ."